ಇಪ್ಪತ್ತೈದಕ್ಕೆ ಮೂರು ಕಡಿಮೆ

೨೦೨೪ನೆಯ ಇಸವಿ ಆಗಸ್ಟ್ ಹನ್ನೆರಡು, ಸೋಮವಾರ. ಬೆಳಿಗ್ಗೆ ಏಳು ನಲವತ್ತರಿಂದ ಏಳು ಐವತ್ತೆರಡರವರೆಗೆ ನನ್ನ ತಂಗಿ ವಳ್ಳಿಯಮ್ಮನ ಬಲ ಹೆಬ್ಬೆರಳನ್ನು ಒಂದು ಗಾಜಿನ ತುಂಡಿನ ಮೇಲೆ ಹನ್ನೊಂದು ಸಲ ಒತ್ತಿಸಿದರು. ಹತ್ತು ಸಲ ಕೆಂಪು ದೀಪ. ಹನ್ನೊಂದನೆಯ ಸಲ ಹಸಿರು.

“ರೇಖೆಯೇ ಇಲ್ಲವಲ್ಲ. ಬೆರಳನ್ನು ಎಲ್ಲಿ ಅಡವಿಟ್ಟೆ?” ಎಂದು ಕೌಂಟರಿನ ದೀನದಯಾಳನ್ ಕೇಳಿದ. ಸಾಲಿನಲ್ಲಿದ್ದ ಕೆಲವರು ನಕ್ಕರು.

“ತಿರುಪ್ಪೂರಿನ ಬ್ಲೀಚಿಂಗ್ ಪಟ್ಟರೆಯಲ್ಲಿ ಬಿಟ್ಟು ಬಂದೆ ಸಾರ್,” ಎಂದಳು ವಳ್ಳಿಯಮ್ಮ. “ನೀವು ಹಾಕ್ಕೊಂಡಿರೋ ಬನಿಯನ್ ಬೆಳ್ಳಗದೆಯಲ್ಲ, ಅದರೊಳಗೆ ಹುಡುಕಿ ನೋಡಿ.”

ಈಗ ಎಲ್ಲರೂ ನಕ್ಕರು. ಅವನು ನಗಲಿಲ್ಲ.

ಕೊಯಮತ್ತೂರಿನ ಒಂದು ದೊಡ್ಡ ಆಸ್ಪತ್ರೆ ಅದು. ಹೆಸರು ಬೇಡ. ಅಲ್ಲಿ ಎರಡು ಸಾಲುಗಳಿದ್ದವು. ಹಣ ಕಟ್ಟುವವರದು ಒಳಗೆ, ತಣ್ಣನೆಯ ಹಜಾರದಲ್ಲಿ, ಕುರ್ಚಿಗಳ ಮೇಲೆ. ಸರ್ಕಾರದ ವಿಮೆಯ ಕಾರ್ಡಿನವರದು ಹಿಂಬದಿಯಲ್ಲಿ, ತಗಡಿನ ಮಾಡಿನ ಕೆಳಗೆ. ಈ ಸೀಮೆಯ ಕೊಂಗು ತಮಿಳಿನಲ್ಲಿ ಮಾತಿನ ಕೊನೆಗೆ ಒಂದು ಮರ್ಯಾದೆಯ ‘ಙ್ಗ’ ಸೇರುತ್ತದೆ. ನಾಯಿಯನ್ನು ಓಡಿಸುವಾಗಲೂ ಸೇರಿಸುತ್ತಾರೆಂದು ಹೊರಗಿನವರು ತಮಾಷೆ ಮಾಡುತ್ತಾರೆ. ಒಳಗಿನ ಸಾಲಿಗೆ ಅದು ಸಿಗುತ್ತಿತ್ತು. ಮೊದಲ ದಿನ ದೀನದಯಾಳನ್ ನಮ್ಮ ವಿಳಾಸ ಓದಿ, “ಅವಿನಾಶಿಯಲ್ಲಿ ಕಾಲನಿಯಾ?” ಎಂದು ಕೇಳಿದ. ಕಾಲನಿ ಎಂದರೆ ಇಲ್ಲಿ ಮನೆಗಳ ಸಾಲಲ್ಲ, ಜಾತಿ. ಹೌದು ಎಂದೆ. ಆಮೇಲೆ ನಮಗೆ ಆ ‘ಙ್ಗ’ ಸಿಗಲಿಲ್ಲ.

ನಾವು ಅರುಂಧತಿಯರು, ತಮಿಳುನಾಡಿನ ಒಂದು ದಲಿತ ಜಾತಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ನಾನು ಗುರುಸಾಮಿ, ವಯಸ್ಸು ಎಪ್ಪತ್ತನಾಲ್ಕು. ತಾಳವಾಡಿಯ ಕನ್ನಡ ಶಾಲೆಯಲ್ಲಿ ಓದಿ, ಮೂವತ್ತೊಂದು ವರ್ಷ ಪಂಚಾಯತಿ ಶಾಲೆಗಳಲ್ಲಿ ಲೆಕ್ಕ ಕಲಿಸಿದವನು. ನಾನು ಹನ್ನೆರಡು ವರ್ಷದವನಿದ್ದಾಗ ಅಪ್ಪ ಒಂದು ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಆ ಒಂದು ಒತ್ತಿಗೆ ಎರಡು ವರ್ಷ ಬೇರೆಯವರ ಕೊಟ್ಟಿಗೆಯಲ್ಲಿ ಸಗಣಿ ಬಾಚಿದ. ಆದುದರಿಂದ ಮಗ್ಗಿ ಕಲಿಸುವುದಕ್ಕೂ ಮೊದಲು ನಾನು ಮಕ್ಕಳಿಗೆ ಒಂದು ಮಾತು ಹೇಳಿಕೊಡುತ್ತಿದ್ದೆ: ಓದದೆ ಒತ್ತಬೇಡಿ.

ವಳ್ಳಿಯಮ್ಮ ಓದಲಿಲ್ಲ. ಹದಿನಾಲ್ಕು ವರ್ಷ ಬ್ಲೀಚಿಂಗ್ ಪಟ್ಟರೆಯ, ಅಂದರೆ ಬಟ್ಟೆ ಬಿಳುಪು ಮಾಡುವ ಕಾರ್ಖಾನೆಯ, ತೊಟ್ಟಿಯಲ್ಲಿ ಕೈ ಅದ್ದಿದಳು. ಆಮೇಲೆ ಎಂಟು ವರ್ಷ ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಕೆಲಸ. ಹೊಲಿದು ಬಂದ ಪ್ರತಿಯೊಂದು ಪೀಸನ್ನೂ ದೀಪದ ಕೆಳಗೆ ತಿರುವಿ ನೋಡಬೇಕು. ತೂತಿದ್ದರೆ, ಹೊಲಿಗೆ ಜಾರಿದ್ದರೆ ಕೆಂಪು ಸ್ಟಿಕ್ಕರ್. ನೋಡದೆ ಪಾಸ್ ಮಾಡಿದರೆ ಅವಳ ಕೂಲಿಯಲ್ಲಿ ಹಿಡಿಯುತ್ತಿದ್ದರು. ಮುಟ್ಟು ನಿಂತು ಏಳು ವರ್ಷವಾದ ಮೇಲೆ ಮತ್ತೆ ರಕ್ತ ಕಂಡಿತು. ನಾಲ್ಕು ತಿಂಗಳು ಯಾರಿಗೂ ಹೇಳದೆ ಕಂಪನಿಯ ಚಿಂದಿಯನ್ನು ಮಡಿಸಿಟ್ಟುಕೊಂಡು ಕೆಲಸ ಮಾಡಿದಳು. ಒಂದು ದಿನ ಮೇಜಿನ ಕೆಳಗೆ ಬಿದ್ದಳು.

ಮೇ ತಿಂಗಳಲ್ಲಿ ಗರ್ಭಕೋಶ ತೆಗೆದರು. ಜೂನ್, ಜುಲೈಗಳಲ್ಲಿ ಕ್ಯಾನ್ಸರಿನ ಔಷಧಿಯ ಮೂರು ಡ್ರಿಪ್ ಕೊಟ್ಟರು. ತಲೆಗೂದಲು ಒಂದೇ ವಾರದಲ್ಲಿ ದಿಂಬಿಗೆ ಬಂತು. ಆಗಸ್ಟಿನಿಂದ ಕರೆಂಟ್. ಕಿರಣದ ಚಿಕಿತ್ಸೆಗೆ ಇಲ್ಲಿಯವರೆಲ್ಲರೂ ಕರೆಂಟ್ ಎಂದೇ ಹೇಳುತ್ತಾರೆ.

ಅದರ ಲೆಕ್ಕ ಹೇಳಿದವಳು ಪ್ರಕೃತಿ ಎಂಬ ಎಳೆಯ ಡಾಕ್ಟರ್. ದಾವಣಗೆರೆಯ ಕಡೆಯವಳು, ಈ ಆಸ್ಪತ್ರೆಗೆ ಮುಂದಿನ ಓದಿಗೆ ಬಂದವಳು. ನಾವು ಅಣ್ಣತಂಗಿಯರು ಮಾತನಾಡುವುದನ್ನು ಕೇಳಿ ಅವಳ ಮುಖ ಅರಳಿತು.

“ಅಯ್ಯೋ, ನೀವು ಕನ್ನಡದವರಾ? ಕೂತ್ಕೊಳ್ಳಿ ಸರ್. ಅಮ್ಮನಿಗೆ ಬಂದಿರೋದು ಸಾಮಾನ್ಯದ್ದಲ್ಲ, ಬೇಗ ಹರಡೋ ಥರದ್ದು. ಕಂಡಿದ್ದನ್ನೆಲ್ಲ ಆಪರೇಷನ್‌ನಲ್ಲಿ ತೆಗೆದಿದ್ದಾರೆ. ಕಾಣದೆ ಉಳಿದಿರೋದಕ್ಕೆ ಈ ಔಷಧಿ, ಈ ಕರೆಂಟ್. ಇಪ್ಪತ್ತೈದು ದಿನ. ಆಮೇಲೆ ಮತ್ತೆ ಮೂರು ಡ್ರಿಪ್.”

“ಇಪ್ಪತ್ತೈದೇ ಏಕೆ? ಇಪ್ಪತ್ತೆರಡು ಸಾಲದೆ?” ಎಂದು ಕೇಳಿದೆ. ಸುಮ್ಮನೆ ಒಂದು ಸಂಖ್ಯೆ ಹೇಳಿದ್ದೆ.

“ಸಾಲದು ಸರ್. ಇದು ಲೆಕ್ಕ ಹಾಕಿ ಬರೆದ ಅಳತೆ. ಒಂದೊಂದು ದಿನವೂ ಬೇಕು. ಮಧ್ಯೆ ಬಿಟ್ಟರೆ ಅದಕ್ಕೆ ಉಸಿರು ಸಿಗತ್ತೆ.”

ಲೆಕ್ಕ ಎಂಬ ಮಾತು ಬಂದುದರಿಂದ ನಾನು ಅದನ್ನು ನನ್ನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡೆ. ಸಂಶಯ ನನ್ನ ಹುಟ್ಟುಗುಣ. ಡ್ರಿಪ್ಪಿನ ಹನಿಗಳನ್ನೂ ಎಣಿಸಿದ್ದೆ. ಅವಳ ಕನ್ನಡ ಸಿಹಿಯಾಗಿತ್ತು. ಅದರ ಮೇಲೂ ನನಗೆ ಸಂಶಯವಿತ್ತು.

ದಿನವೂ ಐದೂವರೆಯ ಬಸ್ಸು. ಗಾಂಧಿಪುರದಲ್ಲಿ ಇಳಿದು ಇನ್ನೊಂದು ಬಸ್ಸು. ಏಳೂವರೆಗೆ ಟೋಕನ್. ಕಾರ್ಡಿನವರು ಹತ್ತೊಂಬತ್ತು ಮಂದಿ. ಹೆಸರು, ಊರು ಎರಡನ್ನೂ ಬರೆದುಕೊಂಡೆ. ಮೊದಲು ಕೌಂಟರಿನಲ್ಲಿ ಹೆಬ್ಬೆರಳು. ಅದು ಹಸಿರಾದ ಮೇಲೆಯೇ ಮುಂದಿನ ಮಾತು. ಆಮೇಲೆ ನಾಲ್ಕು ಲೋಟ ನೀರು ಕುಡಿದು ಒಂದು ಗಂಟೆ ಮೂತ್ರ ತಡೆದುಕೊಳ್ಳಬೇಕು. ಚೀಲ ತುಂಬಿದ್ದರೆ ಕರುಳು ಮೇಲಕ್ಕೆ ಸರಿದು ಸುಡುವುದು ಕಡಿಮೆಯಂತೆ.

“ತಡೆಯೋದನ್ನ ನಂಗೆ ಇವರು ಕಲಿಸಬೇಕಾ ಅಣ್ಣಾ?” ಎಂದಳು ವಳ್ಳಿಯಮ್ಮ. “ಕಂಪನೀಲಿ ಶಿಫ್ಟಿಗೆ ಎರಡೇ ಸಲ ಬಿಡ್ತಿದ್ರು. ನಂದು ಇಪ್ಪತ್ತೆರಡು ವರ್ಷದ ಸರ್ವೀಸು.”

ಪಕ್ಕದಲ್ಲಿ ಕುಳಿತಿದ್ದ ಸತ್ಯಾ ಎಂಬ ಹೆಂಗಸಿಗೆ ಅದನ್ನು ತಮಿಳಿನಲ್ಲಿ ಹೇಳಿದಳು. ಅವಳು ಸೂಲೂರಿನ ನೂಲಿನ ಗಿರಣಿಯವಳು. “ನಗಿಸಬೇಡ ಅಕ್ಕಾ, ನಾನೂ ತುಂಬಿಕೊಂಡು ಕೂತಿದ್ದೀನಿ,” ಎಂದು ಹೊಟ್ಟೆ ಹಿಡಿದುಕೊಂಡಳು.

ಯಂತ್ರ ನಡೆಸುವವನು ಶರವಣನ್. ಮುಖ ಕೊಟ್ಟು ಮಾತನಾಡುವವನಲ್ಲ. ಪ್ರತಿಯೊಬ್ಬರೂ ಹೊರಬಂದ ಮೇಲೆ ಒಂದು ರಟ್ಟಿನ ಕಾರ್ಡಿನಲ್ಲಿ ಏನನ್ನೋ ಗೀಚಿ ಮಗುಚಿಡುತ್ತಿದ್ದ. ನಾನು ಗಡಿಯಾರ ಹಿಡಿದು ನೋಡಿದೆ. ಹಣ ಕಟ್ಟಿದವರಿಗೆ ಬಾಗಿಲು ಒಂಬತ್ತು ನಿಮಿಷ ಮುಚ್ಚಿರುತ್ತಿತ್ತು. ನಮಗೆ ಆರು. ಇವನೇ ಕಳ್ಳ ಎಂದು ಪುಸ್ತಕದಲ್ಲಿ ಬರೆದೆ. ಏಕೆ ಎಂದು ಅವನನ್ನು ಕೇಳಿದೆ. ಅವನು ಮುಂದಿನ ಟೋಕನ್ ಕೂಗಿದ. ಕಾರಣ ತಂಗಿಯಿಂದ ತಿಳಿಯಿತು. ಹಣ ಕಟ್ಟಿದವರು ಬಟ್ಟೆ ಬಿಚ್ಚುವುದು ಕೋಣೆಯ ಒಳಗೆ. ನಮ್ಮ ಹೆಂಗಸರು ಓಣಿಯಲ್ಲಿ, ಅರ್ಧ ಪರದೆಯ ಹಿಂದೆ ಬಿಚ್ಚಿ, ಲಂಗ ಹಿಡಿದುಕೊಂಡು ಕಾಯಬೇಕು. ಆ ಮೂರು ನಿಮಿಷವನ್ನು ಹೀಗೆ ಉಳಿಸುತ್ತಿದ್ದರು.

ಹೆಬ್ಬೆರಳು ಮಾತ್ರ ದಿನವೂ ಹಠ ಮಾಡುತ್ತಿತ್ತು. ಎಂಟು ಸಲ, ಹದಿಮೂರು ಸಲ, ಒಂಬತ್ತು ಸಲ. ದೀನದಯಾಳನ್ ಬೈಯುತ್ತಿದ್ದ. ಕೊನೆಗೆ ಆ ಕೆಲಸವನ್ನು ನಾನೇ ವಹಿಸಿಕೊಂಡೆ. ರಾತ್ರಿ ಅವಳ ಬೆರಳಿಗೆ ಕೊಬ್ಬರಿ ಎಣ್ಣೆ ಸವರಿದೆ. ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಅವಳ ಹೆಬ್ಬೆರಳಿನ ಮೇಲೆ ನನ್ನ ಹೆಬ್ಬೆರಳಿಟ್ಟು, ಎಷ್ಟು ಭಾರ ಬೇಕೋ ಅಷ್ಟೇ ಒತ್ತಿದೆ. ಮಕ್ಕಳ ಕೈ ಹಿಡಿದು ಅಂಕಿ ತಿದ್ದಿಸಿದ ಕೈ ಇದು. ಐದಾರು ಸಲಕ್ಕೆ ಹಸಿರು ಬರತೊಡಗಿತು. ನನಗೆ ಹೆಮ್ಮೆಯಾಯಿತು. ಇದನ್ನು ಮುಚ್ಚಿಡುವುದಿಲ್ಲ.

ಸೆಪ್ಟೆಂಬರ್ ಮೂರು, ಮಂಗಳವಾರ. ಏಳು ನಲವತ್ತಕ್ಕೆ ಒತ್ತಿದೆ. ಆರನೆಯದಕ್ಕೆ ಹಸಿರು. ಅವಳು ನೀರು ಕುಡಿದಳು. ಒಂಬತ್ತಾಯಿತು, ಹತ್ತಾಯಿತು. ಒಳಗಿನ ಹಜಾರದ ಕುರ್ಚಿಗಳೆಲ್ಲ ಖಾಲಿ ಇದ್ದವು. ಹಣ ಕಟ್ಟುವವರಿಗೆ ಬೇರೆಲ್ಲೋ ಕೊಡುತ್ತಿದ್ದಾರೆ ಎಂದು ಸಂಶಯಪಟ್ಟೆ. ಹತ್ತೂಮುಕ್ಕಾಲಿಗೆ ವಳ್ಳಿಯಮ್ಮ ಎದ್ದು ಕಕ್ಕಸಿಗೆ ಹೋಗಬೇಕೆಂದಳು. ಅದು ಒಳಗಿನ ಹಜಾರದಲ್ಲಿತ್ತು. ಕಾವಲಿನವನು ಕೈ ಅಡ್ಡ ಹಿಡಿದ.

“ಈಗ ಕೂಗುತ್ತಾರೆ, ಹೋಗಿಬಿಟ್ಟರೆ ಮತ್ತೆ ಕುಡಿದು ಒಂದು ಗಂಟೆ ಕಾಯಬೇಕು. ಕೂತ್ಕೋ.”

ಕುಳಿತಳು. ಹನ್ನೊಂದು ಇಪ್ಪತ್ತಕ್ಕೆ ಬೆಂಚಿನ ಕೆಳಗೆ ನೀರು ಹರಿಯಿತು. ಐವತ್ತೆಂಟು ವರ್ಷದ ಹೆಂಗಸು. ತಲೆಯ ಮೇಲೆ ಕೂದಲಿಲ್ಲ. ಸೆರಗನ್ನು ತೊಡೆಯ ಮೇಲೆ ಹರಡಿಕೊಂಡು ಗೋಡೆ ನೋಡುತ್ತಿದ್ದಳು. ಸತ್ಯಾ ತನ್ನ ಬಾಟಲಿಯ ನೀರನ್ನು ಅದೇ ಜಾಗಕ್ಕೆ ಚೆಲ್ಲಿ, “ಅಯ್ಯೋ, ಬಾಟಲಿ ಬಿತ್ತು,” ಎಂದು ಗಟ್ಟಿಯಾಗಿ ಹೇಳಿದಳು.

ಹನ್ನೆರಡಕ್ಕೆ ದೀನದಯಾಳನ್ ಬಂದು, “ಮಿಷಿನ್ ರಿಪೇರಿ. ಇವತ್ತಿಲ್ಲ, ನಾಳೆ,” ಎಂದ.

ನಾಲ್ಕನೆಯ ತಾರೀಖೂ ಹಾಗೆಯೇ. ಮೊದಲು ಹೆಬ್ಬೆರಳು, ಆಮೇಲೆ ರಿಪೇರಿ. ಐದನೆಯ ತಾರೀಖೂ ಹಾಗೆಯೇ. ಮೂರು ದಿನವೂ ಅದೇ ಹತ್ತೊಂಬತ್ತು ಮಂದಿ. ಮೂರು ದಿನವೂ ಒಳಗಿನ ಕುರ್ಚಿಗಳು ಖಾಲಿ. ಆರರಂದು ಯಂತ್ರ ನಡೆಯಿತು. ಆ ಮೂರು ದಿನವನ್ನು ಕೊನೆಗೆ ಸೇರಿಸುತ್ತಾರೆಂದು ನಾನು ತಿಳಿದಿದ್ದೆ. ಯಾರೂ ಹಾಗೆ ಹೇಳಿರಲಿಲ್ಲ. ಸಂಶಯವೇ ಹುಟ್ಟುಗುಣವಾದ ನಾನು ಆ ಒಂದನ್ನು ಮಾತ್ರ ನಂಬಿದೆ.

ಸೆಪ್ಟೆಂಬರ್ ಹದಿನಾರು, ಸೋಮವಾರ. ಅವಳು ಹೊರಬಂದಾಗ ದೀನದಯಾಳನ್ ಒಂದು ಕಾಗದ ಮುಂದಿಟ್ಟ.

“ಇಪ್ಪತ್ತೈದೂ ಮುಗೀತು. ಪೂರೈಸಿತು ಅಂತ ಇಲ್ಲಿ ಬೆರಳು ಇಡು.”

ನಾನು ಪುಸ್ತಕ ತೆರೆದೆ. “ಇವತ್ತಿಗೆ ಇಪ್ಪತ್ತೆರಡು,” ಎಂದೆ.

“ತಾತಾ, ಕಂಪ್ಯೂಟರ್ ಇಪ್ಪತ್ತೈದು ಅಂತದೆ. ಕಂಪ್ಯೂಟರ್ ತಪ್ಪು ಕೂಡುತ್ತಾ?”

“ಅದು ಏನನ್ನು ಕೂಡಿದೆ?”

“ಬೆರಳನ್ನು. ಇಪ್ಪತ್ತೈದು ದಿನ ಬೆರಳು ಇಟ್ಟಿದ್ದಾಳೆ. ಮೂರು, ನಾಲ್ಕು, ಐದು, ಎಲ್ಲ ಇದೆ. ಬೆರಳಿದೆ ಅಂದರೆ ಕರೆಂಟ್ ಆಗಿದೆ. ಸರ್ಕಾರಕ್ಕೂ ಹಾಗೇ ಹೋಗಿದೆ.”

ಆಗ ಒಳಗಿನ ಖಾಲಿ ಕುರ್ಚಿಗಳ ಅರ್ಥ ತಿಳಿಯಿತು. ಯಂತ್ರ ಕೆಟ್ಟಿದೆ, ಬರಬೇಡಿ ಎಂದು ಅವರಿಗೆ ಫೋನ್ ಹೋಗಿತ್ತು. ನಮ್ಮ ಫೋನ್ ನಂಬರೂ ಅವರಲ್ಲಿತ್ತು. ನಮ್ಮನ್ನು ಬರಮಾಡಿಕೊಂಡರು, ಏಕೆಂದರೆ ನಮ್ಮ ಹೆಬ್ಬೆರಳುಗಳು ಬೇಕಿದ್ದವು; ಬೆರಳು ಬಿದ್ದ ದಿನಕ್ಕೆಲ್ಲ ಸರ್ಕಾರದ ವಿಮೆ ಆಸ್ಪತ್ರೆಗೆ ಹಣ ಕಟ್ಟುತ್ತಿತ್ತು. ಆ ಮೂರು ಬೆಳಿಗ್ಗೆ ನನ್ನ ತಂಗಿಯ ಹೆಬ್ಬೆರಳನ್ನು ಒರೆಸಿ, ಹಿಡಿದು, ಒತ್ತಿದವನು ನಾನು. ಅಪ್ಪನಾದರೂ ಓದು ಬಾರದವನು.

ಡಾಕ್ಟರ್ ಪ್ರಕೃತಿಯ ಬಳಿಗೆ ಹೋದೆ. ಪುಸ್ತಕ ತೋರಿಸಿದೆ. ಅವಳು ಓದಿದಳು, ಬಾಗಿಲ ಕಡೆ ನೋಡಿದಳು.

“ಸರ್… ಎರಡು ಮೂರು ಕಡಿಮೆಯಾದ್ರೆ ಅಂಥ ದೊಡ್ಡ ವ್ಯತ್ಯಾಸ ಆಗಲ್ಲ.”

“ಇಪ್ಪತ್ತೆರಡು ಸಾಲದು ಎಂದು ಆಗಸ್ಟ್ ಹನ್ನೆರಡರಂದು ಹೇಳಿದವರು ನೀವು. ಒಂದೊಂದು ದಿನವೂ ಬೇಕೆಂದಿರಿ. ಆವತ್ತಿನ ಲೆಕ್ಕ ಸರಿಯೋ, ಇವತ್ತಿನದೋ?”

“ನಾನಿನ್ನೂ ಓದ್ತಾ ಇದೀನಿ ಸರ್. ನನ್ನ ಪರೀಕ್ಷೆ ಅವರ ಕೈಲಿದೆ. ನನ್ನನ್ನ ಕೇಳಬೇಡಿ.” ಅವಳ ಕಣ್ಣು ತುಂಬಿತು. ನಾನು ಸಮಾಧಾನ ಹೇಳಲಿಲ್ಲ. ಭಾಷೆ ಒಂದೇ ಆಗಿತ್ತು. ನಿಂತ ಜಾಗ ಒಂದೇ ಆಗಿರಲಿಲ್ಲ.

ಯಂತ್ರದ ಕೋಣೆಯ ಮುಂದೆ ಶರವಣನ್ ನಿಂತಿದ್ದ. ನಮ್ಮ ಮಾತು ಅವನಿಗೆ ಕೇಳಿಸಿತ್ತು. ರಟ್ಟಿನ ಕಾರ್ಡನ್ನು ತಿರುಗಿಸಿ ನನ್ನ ಕಡೆ ಹಿಡಿದ. ವಳ್ಳಿಯಮ್ಮನ ಹೆಸರು. ಕೆಳಗೆ ದಿನಾಂಕಗಳು. ಪ್ರತಿಯೊಂದರ ಎದುರು ಅವನ ರುಜು. ಎಣಿಸಿದೆ. ಇಪ್ಪತ್ತೆರಡು. ಎರಡನೆಯ ತಾರೀಖಿನ ಕೆಳಗೆ ನೇರವಾಗಿ ಆರನೆಯದು.

“ಇದನ್ನು ಏಕೆ ತೋರಿಸುತ್ತಿದ್ದೀಯ?” ಎಂದೆ. ಆಗಲೂ ನನಗೆ ಸಂಶಯ.

“ಬರೆದು ತುಂಬಿಸು ಅಂದರು. ಕೊಡದೇ ಇರೋದನ್ನ ನಾನು ಬರೆಯೋದಿಲ್ಲ ಸಾರ್. ನನಗೂ ಅಮ್ಮ ಇದ್ದಾಳೆ.” ಕಾರ್ಡನ್ನು ಮತ್ತೆ ಮಗುಚಿಟ್ಟು ಒಳಗೆ ಹೋದ.

ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಬರೆದಿದ್ದ ಮಾತನ್ನು ಹೊಡೆದು ಹಾಕಿದೆ.

ಆ ದಿನ ಕಾಗದಕ್ಕೆ ಬೆರಳಿಡಲು ನಾನು ಬಿಡಲಿಲ್ಲ. ನಾಳೆ ಬರಬೇಕು, ದೊಡ್ಡ ಡಾಕ್ಟರನ್ನು ಕೇಳುತ್ತೇವೆ ಎಂದರು.

ಹದಿನೇಳು, ಮಂಗಳವಾರ. ಕಾರ್ಡಿನ ಸಾಲಿನಲ್ಲಿ ಹದಿನೇಳು ಮಂದಿ. ಅವರಲ್ಲಿ ಹನ್ನೆರಡು ಮಂದಿ ಹಳಬರು. ಉಳಿದ ಐವರು ಹೊಸಬರು. ಹಳೆಯ ಹತ್ತೊಂಬತ್ತರಲ್ಲಿ ಏಳು ಮಂದಿ ಕಳೆದ ವಾರವೇ ‘ಪೂರೈಸಿತು’ ಎಂದು ಬೆರಳಿಟ್ಟು ಊರಿಗೆ ಹೋಗಿದ್ದರು.

ದೀನದಯಾಳನ್‌ನ ಮುಖದಲ್ಲಿ ನಗೆಯಿತ್ತು. “ನಿನ್ನ ಅದೃಷ್ಟ. ದೊಡ್ಡ ಡಾಕ್ಟರ್ ಮನಸ್ಸು ಕರಗಿದೆ. ದಯೆಯ ಮೇಲೆ ಮೂರು ಕರೆಂಟ್ ಕೊಡ್ತಾರೆ. ನೀನೇ ಬೇಡಿಕೊಂಡೆ ಅಂತ ಈ ಕಾಗದ. ಪೂರೈಸಿತು ಅಂತ ಆ ಕಾಗದ. ಎರಡಕ್ಕೂ ಒತ್ತು. ಆಮೇಲೆ ಒಳಗೆ ಹೋಗು.”

ಅವಳ ಮಣಿಕಟ್ಟು ಹಿಡಿದು ಹತ್ತಿಯಿಂದ ಬೆರಳು ಒರೆಸಿದ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ವಳ್ಳಿಯಮ್ಮ ಕೈ ಕಿತ್ತುಕೊಂಡಳು. ಹೆಬ್ಬೆರಳನ್ನು ಒಳಗೆ ಮಡಿಸಿ ಮುಷ್ಟಿ ಕಟ್ಟಿದಳು.

“ಒತ್ತಾಕಿಲ್ಲ,” ಎಂದಳು ಕನ್ನಡದಲ್ಲಿ. ಆಮೇಲೆ ತಮಿಳಿನಲ್ಲಿ ಹೇಳಿದಳು. ಅದನ್ನು ಒಂದೂ ಬಿಡದೆ ಕನ್ನಡದಲ್ಲಿ ಬರೆಯುತ್ತೇನೆ.

“ನಾನು ಚೆಕಿಂಗ್‌ನವಳು ಸಾರ್. ಎಂಟು ವರ್ಷ ನೋಡದೆ ಒಂದು ಪೀಸನ್ನೂ ಪಾಸ್ ಮಾಡಲಿಲ್ಲ. ಪೀಸ್ ಕೈಗೆ ಬಂದ ಮೇಲೆ ಸ್ಟಿಕ್ಕರ್. ಸಾಯಂಕಾಲ ಪೀಸ್ ಎಣಿಸಿದ ಮೇಲೆ ಕೂಲಿ. ಮೊದಲು ಕೂಲಿ ಕೊಡು, ಆಮೇಲೆ ಕೆಲಸ ಮಾಡ್ತೀನಿ ಅಂದಿದ್ರೆ ನನ್ನ ಕುತ್ತಿಗೆ ಹಿಡಿದು ನೂಕ್ತಿದ್ರು. ನಿಮಗೆ ಮಾತ್ರ ಯಾಕೆ ಮೊದಲೇ? ಮೊದಲು ಕರೆಂಟ್ ಕೊಡಿ. ಇಳಿದು ಬಂದು ನಾನೇ ಒತ್ತುತೀನಿ. ಬೇಡಿಕೊಂಡೆ ಅನ್ನೋ ಕಾಗದಕ್ಕೆ ಸತ್ತರೂ ಒತ್ತೋದಿಲ್ಲ. ನಂದು ನಂಗೆ ಕೊಡೋದಕ್ಕೆ ನಿಮಗ್ಯಾಕೆ ದಯೆ?”

“ಹಾಗಾದರೆ ಇವತ್ತು ಇಲ್ಲ. ಮನೆಗೆ ನಡಿ. ಕಾಯಿಲೆ ನಿನ್ನದು, ನನ್ನದಲ್ಲ.”

ಅದು ನಿಜವಾಗಿತ್ತು. ಒತ್ತಿಬಿಡು ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಇದನ್ನೂ ಮುಚ್ಚಿಡುವುದಿಲ್ಲ.

ಅವನು ಅವಳನ್ನು ಬಿಟ್ಟು, “ಮುಂದಿನ ಟೋಕನ್,” ಎಂದು ಕೂಗಿದ.

ಮುಂದಿನದು ಸತ್ಯಾ. ಅವಳು ಎದ್ದು ಬಂದು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು. “ನನಗೂ ಮೂರು ಬರಬೇಕು. ನನ್ನದೂ ಆಮೇಲೆ.”

“ಮುಂದಿನ ಟೋಕನ್!”

ಮುಂದಿನವನು ಗಂಟಲಿನ ಕಾಯಿಲೆಯ ಲಾರಿ ಡ್ರೈವರ್. ಅವನಿಗೆ ಮಾತು ಬರುತ್ತಿರಲಿಲ್ಲ. ಮುಷ್ಟಿಯನ್ನು ಎತ್ತಿ ಗಾಜಿನ ಪಕ್ಕದಲ್ಲಿ ಮೇಜಿನ ಮೇಲಿಟ್ಟ. ಮೆಲ್ಲಗೆ ಇಟ್ಟ. ಆದರೂ ಸದ್ದಾಯಿತು.

ಹದಿನೇಳು ಮಂದಿಯೂ ಬೆರಳಿಡಲಿಲ್ಲ. ಆ ಬೆಳಿಗ್ಗೆ ಮೊದಲ ಬಾರಿಗೆ ಬಂದಿದ್ದ ಮುದುಕಿಯೊಬ್ಬಳು ಏನು ವಿಷಯವೆಂದೂ ಕೇಳದೆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. ಬೆರಳಿಲ್ಲದೆ ಕಂಪ್ಯೂಟರಿನಲ್ಲಿ ಆ ದಿನ ಹುಟ್ಟುತ್ತಿರಲಿಲ್ಲ. ದೀನದಯಾಳನ್ ಫೋನಿನಲ್ಲಿ ಪಿಸುಗುಟ್ಟಿದ. ಕೋಟು ತೊಟ್ಟ ಇಬ್ಬರು ಬಂದು ನೋಡಿ ಹೋದರು. ಪೊಲೀಸರನ್ನು ಕರೆಯುವುದಾಗಿ ಕಾವಲಿನವನು ಹೇಳಿದ. “ಕರೆಯಿರಿ, ಈ ಪುಸ್ತಕ ಅವರಿಗೂ ಓದಲು ಬರುತ್ತದೆ. ಆ ರಟ್ಟಿನ ಕಾರ್ಡುಗಳನ್ನೂ ಅವರೇ ಎಣಿಸಲಿ,” ಎಂದೆ. ವಳ್ಳಿಯಮ್ಮ ಎದ್ದಳು. ನೇರವಾಗಿ ಒಳಗಿನ ಕಕ್ಕಸಿಗೆ ಹೋಗಿ ಬಂದಳು. ಕಾವಲಿನವನು ಕೈ ಅಡ್ಡ ಹಿಡಿಯಲಿಲ್ಲ. ಬಂದು ಕುಳಿತು ಮತ್ತೆ ನಾಲ್ಕು ಲೋಟ ನೀರು ಕುಡಿದಳು.

“ಕರೀತಾರೆ ಅಂತೀಯಾ?” ಎಂದೆ.

“ಗೊತ್ತಿಲ್ಲ. ನಾನು ತಯಾರಿರಬೇಕಲ್ಲ ಅಣ್ಣಾ.”

ಹನ್ನೊಂದು ನಲವತ್ತಕ್ಕೆ ಯಂತ್ರದ ಕೋಣೆಯ ಬಾಗಿಲು ತೆರೆಯಿತು. ಶರವಣನ್ ಹೊರಗೆ ಬಂದು ನಿಂತ.

“ವಳ್ಳಿಯಮ್ಮಾ, ವಾಙ್ಗ,” ಎಂದ. ಬಾ ಅಲ್ಲ, ಬನ್ನಿ. ಒಂದು ತಿಂಗಳಲ್ಲಿ ಮೊದಲನೆಯ ‘ಙ್ಗ’. ಕೋಣೆಯ ಒಳಗೇ ಬಟ್ಟೆ ಬದಲಿಸಲು ಹೇಳಿದ. ಒಂಬತ್ತು ನಿಮಿಷವಾಯಿತು.

ಅವಳು ಹೊರಬಂದಳು. ಕೌಂಟರಿಗೆ ಹೋಗಿ ತಾನೇ ಬೆರಳು ಒರೆಸಿ ಗಾಜಿನ ಮೇಲಿಟ್ಟಳು. ಕೆಂಪು. ಮತ್ತೆ ಕೆಂಪು. ಹದಿನಾಲ್ಕು ಸಲ ಕೆಂಪು. ದೀನದಯಾಳನ್ ಬೈಯದೆ ಕಾಯುತ್ತಿದ್ದ.

“ನೋಡಿ ಸಾರ್, ಕೊಡಬೇಕೂಂತ ಬಂದರೂ ನಿಮ್ಮ ಮಿಷಿನ್ ತಗೊಳ್ಳಲ್ಲ ಅಂತದೆ,” ಎಂದು ಅವಳು ನಕ್ಕಳು. ಹದಿನೈದನೆಯದಕ್ಕೆ ಹಸಿರು ಬಂತು.

ಹದಿನೇಳು, ಹದಿನೆಂಟು, ಹತ್ತೊಂಬತ್ತು. ಇಪ್ಪತ್ತಮೂರು, ಇಪ್ಪತ್ತನಾಲ್ಕು, ಇಪ್ಪತ್ತೈದು. ಬೇಡಿಕೊಂಡೆ ಎಂಬ ಕಾಗದವನ್ನು ಯಾರೂ ಮತ್ತೆ ಮುಂದಿಡಲಿಲ್ಲ. ಉಳಿದ ಹನ್ನೊಂದು ಹಳಬರಿಗೂ ಮೂರು ಮೂರು ಸೇರಿಸಿ ಬರೆದರು. ಆ ಸಾಲಿನಲ್ಲಿ ಬೆರಳಿಡುವುದು ಈಗ ಹೊರಬಂದ ಮೇಲೆ.

ಇಪ್ಪತ್ತರಂದು ಮನೆಯಲ್ಲಿ ವಳ್ಳಿಯಮ್ಮ ಗಂಜಿ ಕುಡಿಯುತ್ತಿದ್ದಳು. ಭೇದಿ ನಿಲ್ಲುತ್ತಿರಲಿಲ್ಲ, ಸೊಂಟದ ಚರ್ಮ ಕಪ್ಪಾಗಿ ಸುಲಿದಿತ್ತು. ಬಟ್ಟಲು ಕೆಳಗಿಟ್ಟು ಕೇಳಿದಳು.

“ನಂದು ಬಂತು. ಹೋದ ಏಳು ಜನದ್ದು?”

“ಅವರು ಕೇಳಿಲ್ಲ.”

“ಕೇಳಬೇಕೂಂತ ಅವರಿಗೆ ಗೊತ್ತಿದ್ದರಲ್ಲವಾ ಕೇಳೋದು? ನಿನ್ನ ಪುಸ್ತಕದಾಗೆ ಊರು ಬರ್ಕೊಂಡಿದ್ದೀಯಲ್ಲ. ಬರೆದಿದ್ದು ಯಾಕೆ, ಪೂಜೆ ಮಾಡೋಕಾ?”

ಇಪ್ಪತ್ತೆರಡು, ಭಾನುವಾರ. ಪೊಳ್ಳಾಚಿಗೆ ಒಂದು ಬಸ್ಸು, ಅಲ್ಲಿಂದ ಆನೈಮಲೈಗೆ ಇನ್ನೊಂದು. ತೆಂಗಿನಕಾಯಿ ಸುಲಿಯುವ ರಂಗಸಾಮಿಯ ಮನೆ ಯಾವುದೆಂದು ಕೇಳುತ್ತ ಹೋದೆ. ನನ್ನ ಪುಸ್ತಕದ ಹದಿನಾರನೆಯ ಹೆಸರು ಅವನ ಹೆಂಡತಿಯದು. ಅವಳದೂ ವಳ್ಳಿಯಮ್ಮನದೇ ಕಾಯಿಲೆ. ಅವಳು ಸಿಪ್ಪೆಯ ರಾಶಿಯ ಪಕ್ಕದಲ್ಲಿ ಕುಳಿತಿದ್ದಳು. ನನ್ನನ್ನು ಗುರುತಿಸಿ ಎದ್ದಳು. ಒಳಗಿನಿಂದ ಕೊಬ್ಬರಿ ಮಿಠಾಯಿ ತಂದು ಕೈಗಿಟ್ಟಳು.

“ಹನ್ನೊಂದನೇ ತಾರೀಖು ಮುಗೀತಲ್ಲ ಸಾರ್, ಕೇರಿಗೆಲ್ಲ ಹಂಚಿದೆ. ನಿಮ್ಮ ತಂಗಿಗೂ ಮುಗೀತಾ? ನನ್ನದು ಎಲ್ಲಾ ಪೂರ್ತಿಯಾಯ್ತು.”

ಬಸ್ಸಿನಲ್ಲಿ ನಾನು ನಾಲ್ಕು ರೀತಿಯ ಮಾತುಗಳನ್ನು ಯೋಚಿಸಿಕೊಂಡಿದ್ದೆ. ಒಂದೂ ಉಪಯೋಗಕ್ಕೆ ಬರಲಿಲ್ಲ.

“ಆಗಿಲ್ಲಮ್ಮಾ. ನಿಮಗೆ ಮೂರು ಬಾಕಿ ಇದೆ,” ಎಂದೆ. ಪುಸ್ತಕ ತೆರೆದು ಆ ಮೂರು ದಿನಾಂಕಗಳನ್ನು ತೋರಿಸಿದೆ. ಯಂತ್ರ ಕೆಟ್ಟ ದಿನಗಳು, ಬೆರಳಿಟ್ಟ ದಿನಗಳು. ಆಮೇಲೆ ನಮಗೆ ಹೇಗೆ ಸಿಕ್ಕಿತೆಂದು ಹೇಳಿದೆ.

ಅವಳು ತನ್ನ ಹೆಬ್ಬೆರಳನ್ನು ಬಹಳ ಹೊತ್ತು ನೋಡಿದಳು. ತೆಂಗಿನ ನಾರು ಕೊಯ್ದು ಕೊಯ್ದು ಅದರಲ್ಲೂ ರೇಖೆ ಹೆಚ್ಚು ಉಳಿದಿರಲಿಲ್ಲ. ಒಳಗೆ ಹೋದಳು. ಸೆರಗಿನಲ್ಲಿ ಒಂದು ಹಿಡಿ ಒಣಮೆಣಸಿನಕಾಯಿ ಕಟ್ಟಿಕೊಂಡು ಬಂದಳು. ಆ ಊರಿನ ಮಾಸಾಣಿ ಅಮ್ಮನ ಗುಡಿಯಲ್ಲಿ ಮೋಸಹೋದವರು ಮೆಣಸಿನಕಾಯಿ ಅರೆದು ನ್ಯಾಯದ ಕಲ್ಲಿಗೆ ಬಳಿಯುತ್ತಾರೆ. ಕದ್ದವನ ಮೈ ಉರಿಯುತ್ತದೆಂದು ನಂಬಿಕೆ.

“ಅರೀಲಾ ಸಾರ್?”

ನನಗೆ ದೇವರಿಲ್ಲ. ಆದರೂ ಬೇಡವೆನ್ನಲಿಲ್ಲ.

“ಅರೆಯಿರಿ. ಕೈ ಚೆನ್ನಾಗಿ ತೊಳೆದುಕೊಂಡು ನಾಳೆ ಮೊದಲ ಬಸ್ಸಿಗೆ ಬನ್ನಿ. ನೀರು ಕುಡಿದೇ ಬನ್ನಿ. ಬೆರಳು ಮಾತ್ರ ಮೊದಲೇ ಕೊಡಬೇಡಿ.”

ಪುಸ್ತಕದಲ್ಲಿ ಬರೆದೆ. ಏಳು ಮಂದಿ, ತಲಾ ಮೂರು. ಏಳು ಮೂರ್ಲ ಇಪ್ಪತ್ತೊಂದು. ಸಿಕ್ಕಿದವರು ಒಬ್ಬರು, ಹುಡುಕಬೇಕಾದವರು ಆರು. ಕೈಗೆ ಬಂದದ್ದು ಸೊನ್ನೆ.

ಬಾಕಿ ಇಪ್ಪತ್ತೊಂದು.